ಅಮ್ಮನ ಐದನೆಯ ಪಲ್ಯ

ಹೊನ್ನಾವರದ ನಮ್ಮ ಇಗರ್ಜಿಯಲ್ಲಿ ಕ್ಷಮೆಯ ಬಗ್ಗೆ ಯಾರಾದರೂ ಮಾತಾಡಬೇಕೆಂದರೆ ನನ್ನನ್ನೇ ಕರೆಯುತ್ತಾರೆ. ಆ ವರ್ಷವೂ ಪ್ರಾರ್ಥನಾ ಕೂಟದಲ್ಲಿ ಮುಕ್ಕಾಲು ಗಂಟೆ ಮಾತಾಡಿದ್ದೆ. ಇಬ್ಬರು ಮುದುಕಿಯರು ಕಣ್ಣೊರೆಸಿಕೊಂಡರು. ಪಕ್ಕದ ಮನೆಯ ನನ್ನ ಅಣ್ಣ ಮಾತ್ರ ಬಂದಿರಲಿಲ್ಲ. ಬರುವುದಾದರೂ ಹೇಗೆ? ನಾವಿಬ್ಬರು ಮಾತು ಬಿಟ್ಟು ಮೂರು ತಿಂಗಳಾಗಿತ್ತು.

ಕಾರಣ ಒಂದು ಛತ್ರಿ. ಪರಮ ಪ್ರಸಾದದ ಮೆರವಣಿಗೆಯಲ್ಲಿ ಪಾದ್ರಿಗಳ ತಲೆಯ ಮೇಲೆ ಹಿಡಿಯುವ ಜರಿಯ ದೊಡ್ಡ ಛತ್ರಿ. ವರ್ಷಾನುಗಟ್ಟಲೆ ಅದು ಅಣ್ಣನ ಕೈಯಲ್ಲಿತ್ತು. ಆ ಬೇಸಿಗೆಯ ಕೊನೆಗೆ, ಮಳೆ ಹಿಡಿಯುವ ಮೊದಲು, ಪಾದ್ರಿಗಳು ನನ್ನನ್ನು ಕರೆದು, "ಈ ಸಲ ನೀವು ಹಿಡೀರಿ" ಅಂದರು. ಅಣ್ಣನಿಗೊಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಹೊಸ ಬಿಳಿ ಅಂಗಿ ಹೊಲಿಸಲು ಓಡಿದೆ.

ಅಂದಿನಿಂದ ಅಣ್ಣ ನಮ್ಮ ಮನೆಯ ಕಡೆ ಮುಖ ಹಾಕಲಿಲ್ಲ. ನಾನೇನು ಕಮ್ಮಿಯೇ? ಅವನು ಬಾವಿಕಟ್ಟೆಗೆ ಬಂದರೆ ನಾನು ಒಳಗೆ ಹೋಗುತ್ತಿದ್ದೆ. ಒಂದು ಕೆಟ್ಟ ಮಾತೂ ಆಡದೆ ಜಗಳ ನಿಭಾಯಿಸುತ್ತಿದ್ದೇನೆ, ಕ್ರೈಸ್ತನ ತಾಳ್ಮೆ ಅಂದರೆ ಇದೇ ಎಂದು ಒಳಗೊಳಗೇ ಬೀಗುತ್ತಿದ್ದೆ. ಪೂಜೆಯ ನಡುವೆ ಎಲ್ಲರೂ ಒಬ್ಬರಿಗೊಬ್ಬರು ಕೈಮುಗಿದು ಶಾಂತಿ ಕೋರುವ ಹೊತ್ತು ಬರುತ್ತದಲ್ಲ, ಆಗ ಅಣ್ಣ ಕಂಬಕ್ಕೆ ಕೈಮುಗಿಯುತ್ತಿದ್ದ. ನಾನು ಫ್ಯಾನಿಗೆ. ನಮ್ಮ ಇಗರ್ಜಿಯ ಕಂಬಕ್ಕೂ ಫ್ಯಾನಿಗೂ ಆ ಮೂರು ತಿಂಗಳು ಶಾಂತಿಗೆ ಕೊರತೆಯಿರಲಿಲ್ಲ.

ಅಮ್ಮ ಇರುವುದು ಅಣ್ಣನ ಮನೆಯಲ್ಲಿ. ಆಗ ಅವಳಿಗೆ ಎಂಬತ್ತೆರಡು. ಎಲ್ಲ ನೋಡುತ್ತಿದ್ದಳು.

ಸೆಪ್ಟೆಂಬರಿನಲ್ಲಿ ತೆನೆಹಬ್ಬ ಬಂತು, ಮಾತೆ ಮರಿಯಳ ಹುಟ್ಟುಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಕಾಯಿಹಾಲಿನಲ್ಲಿ ಕಲಸಿ, ಹಿರಿಯರು ಎಲ್ಲರ ಕೈಗೂ ಕೊಟ್ಟ ಮೇಲೆಯೇ ಊಟ. ಅಂದು ಮೀನಿಲ್ಲ, ಬರೀ ತರಕಾರಿ. ಪಲ್ಯಗಳ ಲೆಕ್ಕ ಬೆಸವೇ ಆಗಬೇಕು: ಐದು, ಏಳು, ಒಂಬತ್ತು. ಪ್ರತಿವರ್ಷ ಎಲ್ಲರ ಊಟ ಅಣ್ಣನ ಮನೆಯಲ್ಲಿ. ಈ ಸಲ ನಮ್ಮದು ನಮಗೆ ಎಂದು ನಾನು ಕುಮಟೆ ಸಂತೆಯಿಂದ ಚೀಲ ತುಂಬ ತರಕಾರಿ ತಂದೆ.

ಬೆಳಿಗ್ಗೆ ಅಮ್ಮ ಬಂದು, ನಾಲ್ಕೇ ಪಲ್ಯ ಮಾಡು, ಐದನೆಯದನ್ನೂ ತೆನೆಯನ್ನೂ ನಾನು ತರುತ್ತೇನೆ ಎಂದು ನನ್ನ ಹೆಂಡತಿಗೆ ಹೇಳಿ ಹೋದಳು. ಅಮ್ಮ ನಮ್ಮ ಪಕ್ಷ ಎಂದು ನನಗೆ ಖುಷಿಯೋ ಖುಷಿ. ಅತ್ತಿಗೆಗೂ ಇದೇ ಮಾತು ಹೇಳಿ ಬಂದಿದ್ದಳೆಂದು ಆಮೇಲೆ ತಿಳಿಯಿತು.

ಒಂದು ಗಂಟೆಯಾದರೂ ಅಮ್ಮ ಬರಲಿಲ್ಲ. ಎರಡು ಗಂಟೆಗೆ ಹಸಿವು ತಾಳದೆ ಹೊರಗೆ ಬಂದರೆ, ಎರಡೂ ಮನೆಗಳ ನಡುವಿನ ಬಾವಿಕಟ್ಟೆಯ ಮೇಲೆ ಕೂತಿದ್ದಾಳೆ! ಮಡಿಲಲ್ಲಿ ಕೆಸುವಿನ ಸೊಪ್ಪಿನ ಪಲ್ಯದ ಪಾತ್ರೆ, ಮುಚ್ಚಳದ ಮೇಲೆ ತೆನೆ. ಆ ಕಡೆಯ ಬಾಗಿಲಲ್ಲಿ ಅಣ್ಣ ನಿಂತಿದ್ದ.

"ಎಂತದಮ್ಮ ಇದು? ಒಳಗೆ ಬಾ," ಅಂದೆ.

ಮನೆಯಲ್ಲಿ ಕೊಂಕಣಿ ಆಡುವ ಅಮ್ಮ, ನೆರೆಕರೆಯವರಿಗೂ ಕೇಳಲಿ ಅನ್ನಿಸಿದಾಗ ಕನ್ನಡಕ್ಕೆ ತಿರುಗುತ್ತಾಳೆ. "ಯಾವ ಒಳಗೆ?" ಅಂದಳು ಗಟ್ಟಿಯಾಗಿ. "ಪಾತ್ರೆ ಇಪ್ಪುದು ಒಂದೇ. ಅಲ್ಲಿ ಕೊಟ್ರೆ ಇಲ್ಲಿ ನಾಲ್ಕು, ಇಲ್ಲಿ ಕೊಟ್ರೆ ಅಲ್ಲಿ ನಾಲ್ಕು. ಒಟ್ಟಿಗೆ ಇಟ್ರೆ ಒಂಬತ್ತು. ಭಾಷಣ ಮಾಡುದು ನೀನೇ ಅಲ್ದಾ? ಎಂತ ಮಾಡುದು, ಹೇಳು."

"ನೀ ಎಂತಾದ್ರೂ ತಿಂದ್ಯಾ ಅಮ್ಮ?" ಅಣ್ಣ ಕೇಳಿದ.

"ತೆನೆ ಆಗದೆ ನಾ ಯಾವ ವರ್ಷ ತಿಂದದ್ದು?"

ಆ ವಯಸ್ಸಿನಲ್ಲಿ ಬೆಳಿಗ್ಗೆಯಿಂದ ಖಾಲಿ ಹೊಟ್ಟೆ. ನನಗೆ ನಾಚಿಕೆಯಾಯಿತು. ಮುಕ್ಕಾಲು ಗಂಟೆಯ ಭಾಷಣದ ಒಂದು ಸಾಲೂ ನೆನಪಾಗಲಿಲ್ಲ.

"ಅಣ್ಣ, ನಿಂಗೆ ಹೇಳ್ದೆ ಛತ್ರಿ ಹಿಡಿದದ್ದು ನನ್ನ ತಪ್ಪು," ಅಂದೆ.

ಅವನು ಬಾವಿಕಟ್ಟೆಯ ತನಕ ಬಂದ. "ನೀ ಓರೆ ಹಿಡಿದಿದ್ದೆ. ಪಾದ್ರಿಗಳ ಒಂದು ಭುಜ ಪೂರಾ ಬಿಸಿಲಲ್ಲಿತ್ತು."

ಅಂದರೆ ಮೆರವಣಿಗೆ ಮುಗಿಯುವ ತನಕ ನನ್ನನ್ನೇ ನೋಡುತ್ತಿದ್ದ! ನನಗೆ ನಗು ಬಂತು. ಅವನು ನಗದೆ, ಅಮ್ಮನ ಮಡಿಲಿನ ಪಾತ್ರೆ ಎತ್ತಿಕೊಂಡ. ಮುಚ್ಚಳ ಗಡಗಡ ಸದ್ದು ಮಾಡಿತು. ಅವನ ಕೈ ನಡುಗುತ್ತಿತ್ತು.

"ಹೋದ ವರ್ಷದಿಂದ ಹೀಂಗೇ," ಅಂದ. "ನನ್ನ ತಮ್ಮನ ಕೈಲಿ ಹಿಡಿಸಿ ಅಂತ ಪಾದ್ರಿಗಳಿಗೆ ಹೇಳಿದವ ನಾನೇ. ನೀ ಬಂದು ಕೇಳ್ತೀಯ, ಹಿಡಿಯುದು ಹೆಂಗೆ ಅಂತ ತೋರ್ಸುವ ಅಂತ ಕಾದೆ. ನೀ ಬರ್ಲಿಲ್ಲ."

ಫ್ಯಾನಿಗೆ ಕೈಮುಗಿಯುವುದು ಬಿಟ್ಟು, ಅವನು ಮುಗಿದ ಕೈಯನ್ನು ಒಂದು ಭಾನುವಾರ ನೋಡಿದ್ದರೂ ನನಗೆ ಗೊತ್ತಾಗುತ್ತಿತ್ತು. ಪಾತ್ರೆಯ ಇನ್ನೊಂದು ಬದಿ ನಾನು ಹಿಡಿದುಕೊಂಡೆ.

ಅಣ್ಣನ ಮನೆಯಲ್ಲಿ ಒಂಬತ್ತು ಪಲ್ಯದ ಊಟವಾಯಿತು. ಅಮ್ಮನ ಪಲ್ಯ ಬಾಯಿಗಿಟ್ಟದ್ದೇ ತಡ, ನಾಲಿಗೆ ತುರಿಸತೊಡಗಿತು. ಹುಳಿ ಸಾಲದಾಗಿದೆ ಅಂದೆ.

"ಗೊತ್ತುಂಟು," ಅಂದಳು. "ಮೂರು ತಿಂಗಳು ಕೆಲಸ ಇಲ್ದೆ ಕೂತ ನಾಲಿಗೆ. ಸ್ವಲ್ಪ ತುರಿಸ್ಲಿ."

ಮರುದಿನ ಅಂಗಳದಲ್ಲಿ ಅಣ್ಣ ಮನೆಯ ಕರೀ ಛತ್ರಿ ಕೊಟ್ಟು, ಪಾದ್ರಿಗಳಂತೆ ಮುಂದೆ ಮುಂದೆ ನಡೆಯುತ್ತ ನನಗೆ ಹಿಡಿಯಲು ಕಲಿಸಿದ. ಮೊದಲ ಸುತ್ತಿನಲ್ಲೇ ನನಗೆ ಬಂತು. ಆದರೂ ಒಂದು ವಾರ ಓರೆಯಾಗಿಯೇ ಹಿಡಿದೆ.