ರಾಶಿಯ ಮೇಲಿನ ಕೆಂಪು ದೀಪ

ಸ್ನೇಹಿತರೇ, ಮೊಣಕಾಲಿಗೆ ಅರಿಶಿನ ಮೆತ್ತಿಕೊಂಡು ಕೂತಿದ್ದೇನೆ. ಆದರೆ ಉರಿಯುತ್ತಿರುವುದು ಮುಖ.

ಇವತ್ತು ನಸುಕಿನಲ್ಲಿ ನಾವು ಆರು ಜನ ಹಿರಿಯೂರಿನಿಂದ ಮಾರಿಕಣಿವೆಗೆ ಸೈಕಲ್ಲಿನಲ್ಲಿ ಹೊರಟಿದ್ದೆವು. ಹೋದ ತಿಂಗಳು ಈ ಹೊತ್ತಿಗೆ ದಾರಿ ಕಾಣುತ್ತಿತ್ತು, ಈಗ ಕಾಣುವುದಿಲ್ಲ. ಹಾಗಾಗಿ ‘ಲೈಟ್ ಇಲ್ಲದವರು ದಯವಿಟ್ಟು ಬರಬೇಡಿ’ ಎಂದು ನಿನ್ನೆ ಗ್ರೂಪಿನಲ್ಲಿ ಹಾಕಿದವನು ನಾನೇ. ನನ್ನ ಲೈಟನ್ನು ಚಾರ್ಜಿಗೆ ಹಾಕಲು ಮರೆತವನೂ ನಾನೇ. ಗೊತ್ತಾದರೆ ಮರ್ಯಾದೆ ಹೋಗುತ್ತದೆಂದು ಎಲ್ಲರಿಗಿಂತ ಬಹಳ ಮುಂದೆ ಹೋಗಿಬಿಟ್ಟೆ.

ದೂರದಲ್ಲಿ ಒಂದು ಕೆಂಪು ದೀಪ ಕಂಡಿತು. ಯಾರೋ ಸೈಕಲ್ಲಿನವನೇ ಇರಬೇಕು, ಅವನನ್ನು ಹಿಂದೆ ಹಾಕೋಣ ಎಂದು ಜೋರಾಗಿ ತುಳಿದೆ. ಅದು ಸೈಕಲ್ಲಲ್ಲ. ರಸ್ತೆಯ ಅಂಚಿನಲ್ಲಿ ತಾಡಪಾಲು ಹೊದಿಸಿದ್ದ ಮೆಕ್ಕೆಜೋಳದ ರಾಶಿ. ಸುತ್ತ ಇಟ್ಟಿದ್ದ ಕಲ್ಲಿಗೆ ಗುದ್ದಿ, ರಾಶಿಯ ಮೇಲೆಯೇ ಬಿದ್ದೆ; ತಾಡಪಾಲು ಸರಿದು ಕಾಳು ರಸ್ತೆಗೆ ಚೆಲ್ಲಿತು.

ಕಾವಲಿಗೆ ಮಲಗಿದ್ದ ಅಜ್ಜಿ ಕಂಬಳಿ ಸರಿಸಿ ಎದ್ದರು. ಅವರು ಬಾಯಿ ತೆರೆಯುವ ಮೊದಲೇ ನಾನು ಕೂಗಾಡಿದೆ: “ರಸ್ತೆ ಏನ್ ನಿಮ್ ಕಣಾನಾ ಅಜ್ಜಿ?”

“ಅಲ್ಲಪ್ಪ, ಅದ್ಕೇ ಬ್ಯಾಟ್ರಿಗೆ ಕೆಂಪು ಬಟ್ಟೆ ಸುತ್ತಿ ಮ್ಯಾಲಿಟ್ಟಿದ್ದೆ. ಪೆಟ್ಟಾತೇನಪ್ಪ?” ಎಂದರು. ಆಮೇಲೆ ನನ್ನ ಸೈಕಲ್ ನೋಡಿ, “ನಮ್ ಜ್ವಾಳಕ್ಕೇ ದೀಪ ಐತೆ, ನಿನ್ ಗಾಡಿಗಿಲ್ವಲ್ಲೋ!”

ಅಷ್ಟರಲ್ಲಿ ಉಳಿದ ಐವರು ಬಂದು ನಿಂತರು. ನಾನು ಮಂಡಿಯೂರಿ ಚೆಲ್ಲಿದ ಕಾಳು ಬಾಚಿ ಮುಗಿಸುವವರೆಗೂ ಐದೂ ಲೈಟುಗಳನ್ನು ನನ್ನ ಮೇಲೇ ಹಿಡಿದಿದ್ದರು.

ದಾರಿಯುದ್ದಕ್ಕೂ ಇಲ್ಲದಿದ್ದ ಬೆಳಕು, ಬೇಡವಾದಾಗ ಧಾರಾಳವಾಗಿ ಸಿಕ್ಕಿತು.