ಸಾಲಿನಲ್ಲಿ ಒಬ್ಬ ಹೆಚ್ಚು

ನಲ್ಲೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮುಬಾರಕ್‌ನ ಮೋಟರ್ ವೈಂಡಿಂಗ್ ಅಂಗಡಿ, ಅದಕ್ಕೆ ಅಂಟಿಕೊಂಡೇ ಮನೆ. ಆ ಮನೆಯಲ್ಲಿ ದಿನಾ ಒಂಬತ್ತೂವರೆಗೆ ಶಾಲೆ ಶುರುವಾಗುತ್ತಿತ್ತು. ಪಾಠ ಹೇಳುವವಳು ಮುಬಾರಕ್‌ನ ಹೆಂಡತಿ ಹಜೀರಾ. ಕೇಳುವವರು ಅವಳ ಇಬ್ಬರು ಮಕ್ಕಳು, ಹನ್ನೆರಡರ ಅರ್ಷಿಯಾ ಮತ್ತು ಒಂಬತ್ತರ ಅಲ್ತಾಫ್.

ಎರಡು ವರ್ಷದ ಹಿಂದೆ ಇಬ್ಬರೂ ಚನ್ನಗಿರಿಯ ಒಂದು ಖಾಸಗಿ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಿದ್ದರು. ಅರ್ಷಿಯಾಳಿಗೆ ಮಾತು ತಡವರಿಸುತ್ತಿತ್ತು. ಒಂದು ದಿನ ಪದ್ಯ ಒಪ್ಪಿಸುವಾಗ ಅವಳು ತಡವರಿಸಿದ್ದನ್ನು ಟೀಚರೇ ಅಣಕಿಸಿದರು, ಇಡೀ ಕ್ಲಾಸು ನಕ್ಕಿತು. ಅಂದಿನಿಂದ ಹುಡುಗಿ ವ್ಯಾನಿನ ಹಾರ್ನ್ ಕೇಳಿದರೆ ವಾಂತಿ ಮಾಡಿಕೊಳ್ಳತೊಡಗಿದಳು. ಹಜೀರಾ ಸೀದಾ ಶಾಲೆಗೆ ಹೋದಳು. ಒಂದು ಟಿ.ಸಿ. ತರಲು ಹೋದವಳು ಎರಡು ತಂದಳು.

"ಅಲ್ತಾಫಂದು ಯಾಕೆ ತಂದೆ?" ಎಂದು ಮುಬಾರಕ್ ಕೇಳಿದ್ದ.

"ಅಂಥಾ ಸ್ಕೂಲಿಗೆ ಇವನನ್ನಾದ್ರೂ ಯಾಕೆ ಕಳಿಸ್ಬೇಕ್ರೀ? ಇಬ್ಬರಿಗೂ ನಾನೇ ಕಲಿಸ್ತೀನಿ."

ನಿಜ ಬೇರೆ ಇತ್ತು. ಅರ್ಷಿಯಾ ಒಬ್ಬಳೇ ಮನೆಯಲ್ಲಿ ಉಳಿದರೆ ಇನ್ನೂ ಕುಗ್ಗಿಹೋಗುತ್ತಾಳೆ, ಜೊತೆಗೊಬ್ಬರು ಬೇಕು ಎಂದು ಅವಳ ಲೆಕ್ಕ. ಅದರ ಅಡಿಯಲ್ಲಿ ಇನ್ನೊಂದು ಆಸೆಯೂ ಇತ್ತು. ಡಿ.ಇಡಿ. ಮುಗಿಸಿ ಹದಿನಾಲ್ಕು ವರ್ಷವಾದರೂ ಅವಳಿಗೆ ಬೋರ್ಡಿನ ಮುಂದೆ ನಿಲ್ಲುವ ಯೋಗ ಬಂದಿರಲಿಲ್ಲ. ಅಲ್ತಾಫ್ ಎರಡು ದಿನ ವ್ಯಾನಿನ ಹೊತ್ತಿಗೆ ಬಾಗಿಲಲ್ಲಿ ನಿಂತ. "ಅಕ್ಕ ಒಬ್ಬಳೇ ಇದ್ರೆ ಅಳ್ತಾಳೆ ಬೇಟಾ, ನೀನು ಅವಳ ಜೊತೆ ಇರಬೇಕು" ಎಂದು ಹೇಳಿ ಒಳಗೆ ಕರೆದುಕೊಂಡಳು. ಮೂರನೇ ದಿನದಿಂದ ಅವನು ನಿಲ್ಲಲಿಲ್ಲ. ಮಗ ಒಗ್ಗಿಕೊಂಡ ಎಂದು ಅವಳು ನಂಬಿದಳು, ಅಥವಾ ನಂಬುವುದು ಸುಲಭವಾಗಿತ್ತು.

ಮನೆಶಾಲೆ ಕೆಟ್ಟದಾಗೇನೂ ನಡೆಯಲಿಲ್ಲ. ಅಳತೆಗೆ ಅಪ್ಪನ ಅಂಗಡಿಯ ತಾಮ್ರದ ತಂತಿ, ಭಿನ್ನರಾಶಿಗೆ ಜೋಳದ ರೊಟ್ಟಿ. ಅರ್ಷಿಯಾ ಮೆಲ್ಲಗೆ ಮಾತಿಗೆ ಬಂದಳು, ಮನೆಗೆ ಬಂದವರ ಎದುರೂ ಪುಸ್ತಕ ಓದಿದಳು. ನೋಡಿದವರು ಹಜೀರಾಳನ್ನು ಹೊಗಳಿದರು. ಅವಳಿಗೂ ಅದು ಹಿತವಾಗಿತ್ತು.

ಹೋದ ಡಿಸೆಂಬರಿನಲ್ಲಿ ಮುಬಾರಕ್ ಅಂಗಡಿಗೆ ಎರಡು ದಿನ ಬೀಗ ಹಾಕಿದ. ನಾಲ್ವರೂ ಬೀರೂರಿಗೆ ಹೋಗಿ ಮೈಸೂರಿನ ರೈಲು ಹತ್ತಿದರು. ಮೊದಲ ದಿನ ಅರಮನೆ ನೋಡಿದರು. ಮರುದಿನ ಬೆಳಗ್ಗೆ ಮೃಗಾಲಯ. ಹಜೀರಾ ಇಬ್ಬರ ಕೈಗೂ ನೋಟ್‌ಬುಕ್ ಕೊಟ್ಟು, "ಪ್ರಾಣಿ ಏನು ತಿಂತೈತೆ, ಎಲ್ಲಿಂದ ಬಂದೈತೆ, ಎಲ್ಲಾ ಬರ್ಕೋಬೇಕು" ಎಂದಳು.

ಜಿರಾಫೆಯ ಹತ್ತಿರ ಶಾಲೆಮಕ್ಕಳ ದೊಡ್ಡ ಹಿಂಡು ಎದುರಾಯಿತು. ಪ್ರವಾಸಕ್ಕೆಂದು ಎಲ್ಲರೂ ಬಣ್ಣದ ಬಟ್ಟೆ ಹಾಕಿದ್ದರು. ಅವರು ದಾಟಿ ಹೋಗಲೆಂದು ಅರ್ಷಿಯಾಳ ಕೈ ಹಿಡಿದು ಪಕ್ಕಕ್ಕೆ ನಿಂತ ಹಜೀರಾ, ಗದ್ದಲ ಕರಗಿದ ಮೇಲೆ ತಿರುಗಿ ನೋಡಿದರೆ ಅಲ್ತಾಫ್ ಇಲ್ಲ. ಅವನ ನೋಟ್‌ಬುಕ್ ಕಟ್ಟೆಯ ಮೇಲಿತ್ತು.

ಮುಬಾರಕ್ ಆನೆಗಳ ಕಡೆ ಓಡಿದ. ಹಜೀರಾ ಅರ್ಷಿಯಾಳನ್ನು ಎಳೆದುಕೊಂಡು ಗೇಟಿಗೆ ಓಡಿದಳು. ಮೈಕಿನಲ್ಲಿ ಮಗನ ಹೆಸರು ಮೂರು ಸಲ ಕೂಗಿದರು. ಮುಕ್ಕಾಲು ಗಂಟೆ ಕಳೆಯಿತು.

ಕೊನೆಗೆ ಕಾವಲಿನವನೊಬ್ಬ ಹುಲ್ಲುಹಾಸಿನ ಕಡೆ ಕರೆದೊಯ್ದ. ಆ ಶಾಲೆಮಕ್ಕಳು ಅಲ್ಲಿ ಸಾಲಾಗಿ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ನಡುವೆ ಅಲ್ತಾಫ್, ಪಕ್ಕದ ಹುಡುಗ ಹೇಳಿದ್ದಕ್ಕೆ ಬಿದ್ದು ಬಿದ್ದು ನಗುತ್ತಿದ್ದ. ಅವನು ಹಾಗೆ ನಕ್ಕಿದ್ದನ್ನು ಕೊನೆಗೆ ನೋಡಿದ್ದು ಯಾವಾಗ ಎಂದು ಹಜೀರಾಳಿಗೆ ನೆನಪಾಗಲಿಲ್ಲ. ಹೊಡೆಯಲೆಂದು ಎತ್ತಿದ್ದ ಕೈ ತಾನಾಗಿ ಇಳಿಯಿತು.

ವಯಸ್ಸಾದ ಟೀಚರೊಬ್ಬರು ಎದ್ದು ಬಂದರು. ಜಗಳೂರು ಕಡೆಯ ಬಿಳಿಚೋಡಿನವರು, ಹೆಸರು ಸಾವಂತ್ರಮ್ಮ.

"ನಿಮ್ ಹುಡುಗನೇನ್ರೀ ಇವನು? ಹೆದರಬ್ಯಾಡ್ರಿ, ಕೂತ್ಕಳ್ರಿ. ನಾನೇ ಈಗ ವಿಚಾರಿಸಾಕೆ ಎದ್ದಿದ್ದೆ. ಊಟದ ಪೊಟ್ಟಣ ಒಂದು ಕಡಿಮೆ ಬಂತು, ತಲೆ ಎಣಿಸಿದ್ರೆ ಒಬ್ಬ ಹೆಚ್ಚಿಗೆ! ಯಾವ ಕ್ಲಾಸಪ್ಪಾ ಅಂದೆ, ನಾಲ್ಕನೇ ಕ್ಲಾಸು ಅಂದ. ರೋಲ್ ನಂಬರ್ ಕೇಳಿದ್ರೆ ಎದ್ದು ನಿಂತು, ಹದಿನೇಳು ಮಿಸ್ ಅಂದ."

ಹದಿನೇಳು ಚನ್ನಗಿರಿಯ ಶಾಲೆಯಲ್ಲಿ, ಎರಡನೇ ತರಗತಿಯಲ್ಲಿ ಅವನ ನಂಬರು. ಎರಡು ವರ್ಷ ಆ ಮಗು ಅದನ್ನು ಕಾಪಾಡಿಕೊಂಡು ಬಂದಿತ್ತು.

"ಯಾವ ಸ್ಕೂಲ್ರೀ ಇವಂದು?" ಎಂದು ಸಾವಂತ್ರಮ್ಮ ಸಹಜವಾಗಿ ಕೇಳಿದರು.

ಮನೆಯಲ್ಲೇ ಕಲಿಸ್ತೀನಿ ಎಂದು ಊರೆಲ್ಲ ತಲೆಯೆತ್ತಿ ಹೇಳಿಕೊಂಡವಳಿಗೆ ಅಂದು ಬಾಯಿ ಬರಲಿಲ್ಲ. "ನಮ್ಮ ಊರಿನ ಸರ್ಕಾರಿ ಶಾಲೆ" ಎಂದುಬಿಟ್ಟಳು. ಅಲ್ತಾಫ್ ತಲೆಯೆತ್ತಿ ಅಮ್ಮನನ್ನು ನೋಡಿದ. ಸುಳ್ಳು ಹೇಳಬಾರದು ಎಂದು ಸಾವಿರ ಸಲ ಕಲಿಸಿದವಳು ಅವಳೇ. ಅವಳು ಮುಖ ತಿರುಗಿಸಿದಳು.

ಮಧ್ಯಾಹ್ನದ ವಾಪಸು ರೈಲಿನಲ್ಲಿ, ಅರಸೀಕೆರೆ ದಾಟಿದ ಮೇಲೆ, ಅವಳು ಮಗನ ಪಕ್ಕಕ್ಕೆ ಸರಿದು ಕೂತಳು.

"ಸ್ಕೂಲಿಗೆ ಹೋಗಬೇಕು ಅಂತ ಒಂದು ಸಲನಾದ್ರೂ ನನಗೆ ಹೇಳಬಾರದಿತ್ತಾ ಬೇಟಾ?"

"ಹೆಂಗೆ ಹೇಳಲಿ ಅಮ್ಮಿ? ಅಕ್ಕ ಅಳ್ತಾಳಲ್ಲ."

ಏಳು ವರ್ಷದವನ ಹೆಗಲಿಗೆ ತಾನು ಹೊರಿಸಿದ್ದನ್ನು ಒಂಬತ್ತಾದರೂ ಅವನು ಕೆಳಗಿಳಿಸಿರಲಿಲ್ಲ. "ತಪ್ಪಾತು ಕಣೋ" ಎಂದಳು ಹಜೀರಾ. ಅಲ್ತಾಫ್ ನಾಚಿ ಕಿಟಕಿಯತ್ತ ತಿರುಗಿದ. ಎದುರು ಸೀಟಿನಲ್ಲಿದ್ದ ಅರ್ಷಿಯಾ ಪುಸ್ತಕ ಮುಚ್ಚಿದಳು.

"ನಾ... ನಾನು ಅಳ್ತೀನಿ ಅಂತ ನಿಮಗೆ ಹೇಳಿದ್ಯಾರು? ನನ್ನ ಯಾರಾದ್ರೂ ಕೇಳಿದ್ರಾ?"

ಮುಬಾರಕ್ ಹೆಂಡತಿಯ ಮುಖ ನೋಡಿದ. ಅವನು ಬೈದಿದ್ದರೆ ಹಗುರವಾಗುತ್ತಿತ್ತೇನೋ. ಮಗನನ್ನು ಕಟ್ಟಿಹಾಕಿದ್ದಲ್ಲದೆ, ಮಗಳನ್ನು ಅವನ ಕಣ್ಣಲ್ಲಿ ಎರಡು ವರ್ಷ ಅಳುಬುರುಕಿ ಮಾಡಿಟ್ಟಿದ್ದೂ ತಾನೇ ಎಂದು ಹಜೀರಾಳಿಗೆ ಆಗ ಹೊಳೆಯಿತು.

ಜೂನ್‌ವರೆಗೂ ಅವಳು ಕಾಯಲಿಲ್ಲ. ಸೋಮವಾರವೇ ಊರಿನ ಸರ್ಕಾರಿ ಶಾಲೆಗೆ ಹೋಗಿ ಹೆಡ್ ಮಾಸ್ಟರ್ ಮಹೇಶ್ವರಪ್ಪನವರ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಅಲ್ತಾಫನಿಂದ ಒಂದು ಪುಟ ಓದಿಸಿ, ಎರಡು ಲೆಕ್ಕ ಮಾಡಿಸಿ, "ಚೆನ್ನಾಗಿ ಕಲಿಸೀರಿ ಬಿಡ್ರಮ್ಮ" ಎಂದರು. ಆ ಹೊಗಳಿಕೆ ಅವಳಿಗೆ ಚುಚ್ಚಿತು.

ಮೊದಲ ವಾರವೇ ಅಲ್ತಾಫ್ ಕಬಡ್ಡಿಯಲ್ಲಿ ಮೊಣಕಾಲು ತರಚಿಸಿಕೊಂಡು, ಜೇಬು ಹರಿಸಿಕೊಂಡು ಬಂದ. ಯಾರು ಎಳೆದರು ಎಂದರೆ ಹೇಳಲೊಲ್ಲ, ಬರೀ ನಗು. ಅರ್ಷಿಯಾ ಮನೆಯಲ್ಲೇ ಓದುತ್ತಿದ್ದಾಳೆ. ಅದು ಈಗ ಅವಳದೇ ತೀರ್ಮಾನ. ಹೈಸ್ಕೂಲಿನ ಮಾತು ಬಂದರೆ "ನೋಡೋಣ" ಎನ್ನುತ್ತಾಳೆ.

ಹರಿದ ಜೇಬನ್ನು ಹಜೀರಾ ಅಂದೇ ಹೊಲಿಯಲು ಕೂತಳು. ಸ್ನೇಹಿತರ ಹೆಸರುಗಳನ್ನು ಅಲ್ತಾಫ್ ಒಂದೊಂದಾಗಿ ಹೇಳುತ್ತಾ ಹೋದ. ಬೇಗ ಮುಗಿಸಿಬಿಡಬಾರದೆಂದು ಅವಳು ಹತ್ತಿರ ಹತ್ತಿರ ಹೊಲಿಗೆ ಹಾಕುತ್ತಿದ್ದಳು.