ಗೆಳೆಯನ ಜೇಬಿನಲ್ಲಿದ್ದ ಕನ್ನಡಕ

ನನ್ನ ಗೆಳೆಯ ಲಿಫ್ಟ್ ಮೆಕ್ಯಾನಿಕ್. ಅಬ್ಬರದ ಗಿಟಾರು, ಕಿರುಚಾಟದ ಪಂಕ್ ಸಂಗೀತವೆಂದರೆ ಅವನಿಗೆ ಪ್ರಾಣ. ನಾನು ಕನ್ನಡಕವಿಲ್ಲದೆ ಎದುರಿಗಿದ್ದವರ ಮುಖವೂ ಕಾಣದ ಗುಮಾಸ್ತ. ಅವನು ನನ್ನನ್ನೂ ಎಳೆದೊಯ್ಯುತ್ತಿದ್ದ ಪಂಕ್ ಶೋಗಳಲ್ಲಿ ಜನ ಕುಣಿದು ನೂಕಾಡತೊಡಗಿದೊಡನೆ ಅವನು ನನ್ನ ಕನ್ನಡಕವನ್ನು ತನ್ನ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಯಾರೇ ಬಿದ್ದರೂ ಪಕ್ಕದವರು ಮೊದಲು ಎತ್ತಬೇಕೆಂಬುದು ಅಲ್ಲಿಯ ಕಟ್ಟಳೆ. ಅದನ್ನು ನನಗೆ ಕಲಿಸಿದವನೂ ಅವನೇ.

ಮೊನ್ನೆಯ ಶೋನಲ್ಲಿ ಅವನೇ ಬೋರಲು ಬಿದ್ದ. ಪಕ್ಕದಲ್ಲಿದ್ದ ಯಾರೋ ಇಬ್ಬರು ಭುಜ ಹಿಡಿದು ಎಬ್ಬಿಸಿದರು. ನಾನು? ಹೇಳಲು ನಾಚಿಕೆಯಾಗುತ್ತದೆ, ಅವನ ಜೇಬಿಗೆ ಕೈ ಹಾಕಲು ಹೋದೆ.

"ಒಡೆದುಹೋಯ್ತೇನೋ? ಹೊಸದು ಕಣೋ ಅದು!" ಎಂದು ಕಿರುಚಿದೆ.

ಅವನ ಎರಡೂ ಕೈ ಆ ಜೇಬನ್ನೇ ಒತ್ತಿ ಹಿಡಿದಿದ್ದವು.

"ಏನೂ ಆಗಿಲ್ಲ ಕಣೋ, ಹಾಕ್ಕೊಂಡು ನೋಡು," ಎಂದು ತೆಗೆದುಕೊಟ್ಟ.

ಹಾಕಿಕೊಂಡೆ. ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ. ಕೈ ಊರದೆ ಬಿದ್ದವನ ಸೀಳಿದ ತುಟಿ ಸ್ಪಷ್ಟವಾಗಿ ಕಾಣಿಸಿತು.